ಹಲ್ಲಿಯಂತಿದ್ದರೂ ಹಲ್ಲಿಯಲ್ಲ

ಯಾವ ಪ್ರಾಣಿಯೂ ತಾನು ಯಾವ ಕುಟುಂಬಕ್ಕೆ ಸೇರಿದ್ದು ಎಂದು ಯೋಚಿಸಿ ನಿದ್ದೆಗೆಟ್ಟ ಉದಾಹರಣೆಯಿಲ್ಲ. ಆ ಕೆಲಸಕ್ಕೆಂದೇ ನಮ್ಮಂಥವರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ. ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಇಪ್ಪತ್ತಾರು ವರ್ಷಗಳಿಂದ ಇದು ಇಂಥ ಗಣ, ಅದು ಇಂಥ ಕುಟುಂಬ ಎಂದು ಹೇಳಿಕೊಡುತ್ತಾ ಬಂದಿದ್ದೇನೆ. ಒಂದು ಪ್ರಾಣಿಯನ್ನು ತಪ್ಪು ಕುಟುಂಬಕ್ಕೆ ಸೇರಿಸಿ ಬರೆದ ವಿದ್ಯಾರ್ಥಿಗೆ ಅರ್ಧ ಅಂಕ ಕೊಟ್ಟವನಲ್ಲ. "ಪಾಪ, ಹತ್ತಿರ ಬಂದಿದ್ದಾನಲ್ಲ ಬಿಡಿ ಸಾರ್" ಎಂದು ಸಹೋದ್ಯೋಗಿಗಳು ಶಿಫಾರಸು ಮಾಡಿದಾಗಲೂ ಕೊಟ್ಟಿಲ್ಲ. ಅಂಥ ನಾನು ಕಳೆದ ವರ್ಷ ಒಂದು ಬುಧವಾರ ಬೆಳಗ್ಗೆ, ಹೆಂಡತಿ, ಅತ್ತೆ ಮತ್ತು ಬಾಡಿಗೆ ಕಾರಿನ ಡ್ರೈವರ್ ಇವರ ಸಮ್ಮುಖದಲ್ಲಿ, ಗೋಡೆಯ ಮೇಲಿದ್ದ ಒಂದು ಮಾಮೂಲಿ ಹಲ್ಲಿಯನ್ನು ಕೋಟ್ಯಂತರ ವರ್ಷಗಳ ಹಿಂದೆ ನಿರ್ವಂಶವಾದ ಕುಟುಂಬವೊಂದಕ್ಕೆ ಸೇರಿಸಿಬಿಟ್ಟೆ. ಇದನ್ನು ಕಾಲೇಜಿನಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಆ ಕುಟುಂಬದ ಹೆಸರು ಪ್ರೊಕೊಲೊಫೊನಿಡೆ. ಹೆಸರು ಉದ್ದ, ಪ್ರಾಣಿ ಗಿಡ್ಡ. ಡೈನೋಸಾರ್‌ಗಳು ಬರುವುದಕ್ಕೆ ಬಹಳ ಮೊದಲೇ ಬಂದು, ಅವು ಮೈಕೈ ತುಂಬಿಕೊಂಡು ದೊಡ್ಡವರಾಗುವ ಹೊತ್ತಿಗೆ ಸದ್ದಿಲ್ಲದೆ ಜಾಗ ಖಾಲಿ ಮಾಡಿದ ಸರೀಸೃಪಗಳು. ನೋಡಲು ಹಲ್ಲಿಯೇ. ನಾಲ್ಕು ಕಾಲು, ಒಂದು ಬಾಲ, ಅಗಲವಾದ ತಲೆ. ಕೆಲವಕ್ಕೆ ಕೆನ್ನೆಯ ಮೇಲೆ ಮುಳ್ಳು. ಕಣ್ಣಿನ ಗೂಡಂತೂ ಯಾರೋ ಹಿಂದಕ್ಕೆ ಹಿಡಿದು ಜಗ್ಗಿದ ಹಾಗೆ ಉದ್ದಕ್ಕೆ, ದೊಡ್ಡದಾಗಿ ಇರುತ್ತದೆ. ಆದರೆ ಅವು ಹಲ್ಲಿಗಳಲ್ಲ. ಹಲ್ಲಿಗೆ ದೂರದ ನೆಂಟರೂ ಅಲ್ಲ ಎನ್ನಬಹುದು. ಒಂದಷ್ಟು ವಿದ್ವಾಂಸರು ಇವು ಆಮೆಯ ಕಡೆಯವು ಎಂದರು. ಇನ್ನೊಂದಷ್ಟು ಜನ, ಆಮೆಗೂ ಇವಕ್ಕೂ ಏನೇನೂ ಸಂಬಂಧವಿಲ್ಲ ಎಂದು ಅಲ್ಲಿಂದಲೂ ಎಬ್ಬಿಸಿದರು. ಕೊನೆಗೆ 'ಸರೀಸೃಪಗಳ ಪಕ್ಕದವು' ಎಂಬ ಅರ್ಥ ಬರುವ ಒಂದು ಗುಂಪು ಮಾಡಿ ಅದರಲ್ಲಿ ಕೂರಿಸಿದರು. ಆ ಗುಂಪು ಒಳಗಿನದೋ ಹೊರಗಿನದೋ ಎಂದು ಈಗಲೂ ಜಗಳವಿದೆ. ಒಳಕ್ಕೆ ಕರೆದು ಚಾಪೆ ಹಾಕಿಲ್ಲ, ಹೊರಕ್ಕೂ ಕಳಿಸಿಲ್ಲ, ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟಿದ್ದಾರೆ. ಈ ಕುಟುಂಬದ ಮೇಲೆ ನನಗೆ ಮೊದಲಿನಿಂದಲೂ ಒಂದು ಮಮಕಾರ. ಕಾರಣವೇನೆಂದರೆ ನಾನು ಮನೆ ಅಳಿಯ.

ನನ್ನ ಹೆಂಡತಿ ಮಂಜುಳ ಒಬ್ಬಳೇ ಮಗಳು. ಮದುವೆಗೆ ಮುಂಚೆಯೇ ಮಾವ ತೀರಿಕೊಂಡಿದ್ದರು. ದಬ್ಬೇಘಟ್ಟದ ಹತ್ತಿರದ ಊರಿನಲ್ಲಿ ತೆಂಗಿನ ತೋಟ, ಎರಡು ಹಸು, ಹಳೆಯ ದೊಡ್ಡ ಮನೆ. ಚಿಕ್ಕನಾಯಕನಹಳ್ಳಿ ಕಡೆಯ ರಾಗಿ ಹೊಲದ ಮನೆಯ ಮೂರನೆಯ ಮಗನಾದ ನಾನು ಒಂದು ಟ್ರಂಕು, ಒಂದು ಸೂಕ್ಷ್ಮದರ್ಶಕ ತೆಗೆದುಕೊಂಡು ಬಂದು ಸೇರಿದೆ. ಇಪ್ಪತ್ತೆರಡು ವರ್ಷವಾಯಿತು. ಊರಿನವರು ಈಗಲೂ ನನ್ನನ್ನು 'ಪುಟ್ಟಗೌರಮ್ಮನ ಮನೇಲಿರೋ ಮೇಷ್ಟ್ರು' ಎನ್ನುತ್ತಾರೆ. ಅದರಲ್ಲಿ 'ಇರೋ' ಎಂಬುದನ್ನು ಸ್ವಲ್ಪ ಒತ್ತಿ ಹೇಳುತ್ತಾರೆ.

ಪುಟ್ಟಗೌರಮ್ಮ ನನ್ನ ಅತ್ತೆ. ಅವರು ನನ್ನ ಜೊತೆ ನೇರವಾಗಿ ಮಾತಾಡಿದವರಲ್ಲ. ಅಳಿಯನ ಎದುರಿಗೆ ನಿಂತು ಮಾತಾಡುವುದು ಮರ್ಯಾದೆಯಲ್ಲ ಎಂದು ತಿಳಿದಿದ್ದ ಕಾಲದ ಹೆಂಗಸು. ಬೇರೆ ಮನೆಗಳಲ್ಲಿ ಅಳಿಯ ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೊರಡುವುದರಿಂದ ಈ ಪದ್ಧತಿಯಿಂದ ಯಾರಿಗೂ ಕಷ್ಟವಾಗುವುದಿಲ್ಲ. ನಾನು ಬಂದವನು ಹೊರಡಲೇ ಇಲ್ಲ. ಆದರೂ ಅವರು ಪದ್ಧತಿ ಬಿಡಲಿಲ್ಲ. ಸೌಟನ್ನು ನನ್ನ ತಟ್ಟೆಯ ಮೇಲೇ ಹಿಡಿದುಕೊಂಡು, "ಅವ್ರಿಗೆ ಸಾರು ಬೇಕಾ ಕೇಳೇ ಮಂಜಿ" ಎನ್ನುತ್ತಿದ್ದರು. ಮಂಜುಳ ಮನೆಯಲ್ಲಿಲ್ಲದಿದ್ದರೆ ಹಸುವಿಗೆ ಹೇಳುತ್ತಿದ್ದರು. "ಲೇ ಕೆಂಪಿ, ಮೋಟ್ರು ಆಫ್ ಮಾಡ್ದೆ ಕಾಲೇಜಿಗೆ ಹೋಗ್‌ಬಾರ್ದು ಕಣೇ." ಕೆಂಪಿ ಕಾಲೇಜಿಗೆ ಹೋಗುವ ಪೈಕಿ ಅಲ್ಲವಾದ್ದರಿಂದ ಮಾತು ನನಗೇ ಎಂದು ತಿಳಿದು ನಾನು ತೋಟಕ್ಕೆ ಹೋಗಿ ಮೋಟಾರು ನಿಲ್ಲಿಸಿ ಬರುತ್ತಿದ್ದೆ. ಕ್ರಮೇಣ ನನಗೂ ಅದೇ ಅಭ್ಯಾಸವಾಯಿತು. ಅತ್ತೆಗೆ ಏನು ಹೇಳಬೇಕಾದರೂ, "ಅತ್ತೆಗೆ ಹೇಳು ಮಂಜುಳಾ" ಎಂದೇ ಶುರು ಮಾಡುತ್ತೇನೆ. ಮಧ್ಯದಲ್ಲಿ ಮಂಜುಳ ಏನೂ ಹೇಳುವುದಿಲ್ಲ, ಸುಮ್ಮನೆ ನಿಂತಿದ್ದರೆ ಸಾಕು.

ಇನ್ನು ಅಟ್ಟದ ವಿಷಯ ಹೇಳಬೇಕು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಹಾಗೆಯೇ ಅಟ್ಟಕ್ಕೆ ಏರಿಸಿ, ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅತ್ತೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ, ಆಗಿದೆ, ಆಗಿಲ್ಲ, ಕೊಳೆತಿದೆ ಎಂದು ಮೂರು ಗುಡ್ಡೆ ಹಾಕುತ್ತಾರೆ. ಒಂದು ಕಾಯೂ ಆಚೀಚೆ ಆದದ್ದನ್ನು ನಾನು ಕಂಡಿಲ್ಲ. ಮದುವೆಯಾದ ಮೊದಲ ವರ್ಷ ನನಗೆ ವಿಜ್ಞಾನದ ಹುರುಪು. ನೀರು ಯಾವ ಪ್ರಮಾಣದಲ್ಲಿ ಆರುತ್ತದೆ ಎಂದು ತಿಳಿಯಲು ಹದಿನೈದು ದಿನಕ್ಕೊಂದು ಕಾಯಿ ಇಳಿಸಿ, ಒಡೆದು, ಕಾಲೇಜಿನ ಅಳತೆ ಗಾಜಿನಲ್ಲಿ ಅಳೆದು ಬರೆದಿಟ್ಟುಕೊಳ್ಳುತ್ತಿದ್ದೆ. ಏಳನೆಯ ಕಾಯಿಗೆ ಸಿಕ್ಕಿಬಿದ್ದೆ. ಅತ್ತೆ ಒಡೆದ ಕಾಯನ್ನೂ ಅಳತೆ ಗಾಜನ್ನೂ ನೋಡಿ, "ಅವ್ರಿಗೆ ಹೇಳೇ, ಕೂಸು ಬೆಳ್ದೈತಾ ಅಂತ ಬಸುರಿ ಹೊಟ್ಟೆ ಕುಯ್ದು ಯಾರೂ ನೋಡಲ್ಲ" ಎಂದರು. ಅಂದಿನಿಂದ ಅಟ್ಟದ ಏಣಿ ನನ್ನ ಪಾಲಿಗೆ ಮುಚ್ಚಿತು.

ಇಷ್ಟೆಲ್ಲ ಗಟ್ಟಿಯಾಗಿದ್ದ ಅತ್ತೆಯ ಎಡಗಣ್ಣು ಪೊರೆ ಬಂದು ಹೋಯಿತು. ಆಪರೇಷನ್ನಿಗೆ ಮೂರು ಸಲ ದಿನ ಗೊತ್ತಾಗಿತ್ತು. ಮೊದಲ ಸಲ ಅಮಾವಾಸ್ಯೆ ಹತ್ತಿರ ಎಂದರು. ಎರಡನೆಯ ಸಲ ಕೆಂಪಿ ಕರು ಹಾಕುವುದರಲ್ಲಿತ್ತು. ಮೂರನೆಯ ಸಲ ಕಾಯಿ ಕೀಳುವವರು ಬಂದರು. ನಾಲ್ಕನೆಯ ಸಲ ಹೋದಾಗ ಡಾಕ್ಟರು, ಪೊರೆ ತೀರಾ ಹಣ್ಣಾಗಿ ಒಳಗೆ ಒತ್ತಡ ಏರಿಬಿಟ್ಟಿದೆ, ಇನ್ನು ಈ ಕಣ್ಣು ಬರುವುದಿಲ್ಲ ಎಂದರು. ಈಗ ಬಲಗಣ್ಣೂ ಅದೇ ದಾರಿ ಹಿಡಿದಿತ್ತು. ಅಕ್ಕಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ. ಒಂದು ದಿನ ತೋಟಕ್ಕೆ ಹೋದವರು ತಮ್ಮದೇ ತೋಟದಲ್ಲಿ ದಾರಿ ತಿಳಿಯದೆ ಒಂದು ಮರ ಹಿಡಿದುಕೊಂಡು, "ಮಂಜೀ, ಇದ್ಯಾವ ಮರ ಹೇಳೇ" ಎಂದು ಕೂಗುತ್ತಾ ನಿಂತಿದ್ದರು. ಮರುದಿನವೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಿಪಟೂರಿನಲ್ಲಿ ಡಾಕ್ಟರು ನೋಡಿ, ಇದನ್ನೂ ಮುಂದಕ್ಕೆ ಹಾಕಿದರೆ ನನ್ನನ್ನು ಕೇಳಬೇಡಿ ಎಂದು ಬುಧವಾರಕ್ಕೆ ಗೊತ್ತು ಮಾಡಿದರು.

ಅದೇ ವಾರ, ಮುಂದಿನ ತಿಂಗಳು ಕಾಲೇಜಿನಲ್ಲಿ ನಡೆಯಲಿದ್ದ ವಿಜ್ಞಾನ ಪ್ರದರ್ಶನಕ್ಕೆಂದು ನಾನು ಪ್ರೊಕೊಲೊಫೊನಿಡೆಯ ಒಂದು ದೊಡ್ಡ ಚಿತ್ರಪಟ ಬರೆದು, ಬಣ್ಣ ಆರಲಿ ಎಂದು ನಡುಮನೆಯ ಗೋಡೆಗೆ ನೇತುಹಾಕಿದ್ದೆ. ಅತ್ತೆ ಅದಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, "ಇದ್ಯಾಕೆ ಮಂಜಿ ಹಲ್ಲಿ ಚಿತ್ರ ಬರ್ದು ಗೋಡೆಗಾಕವ್ರೆ? ಇರೋ ಹಲ್ಲಿ ಸಾಲ್ದಾ?" ಎಂದು ಕೇಳಿದರು.

"ಅತ್ತೆಗೆ ಹೇಳು ಮಂಜುಳಾ, ಅದು ಹಲ್ಲಿ ಹಾಗೆ ಇರುತ್ತೆ ಅಷ್ಟೆ, ಹಲ್ಲಿ ಅಲ್ಲ. ಬೇರೆ ವಂಶ. ಆ ವಂಶ ಈಗ ಇಲ್ಲ" ಎಂದೆ.

"ಹಲ್ಲಿ ಹಂಗೈತೆ, ಹಲ್ಲಿ ಅಲ್ವಂತೆ" ಎಂದು ಅತ್ತೆ ಅಡುಗೆಮನೆಗೆ ಹೋಗುವವರೆಗೂ ಹೇಳಿಕೊಂಡರು. ಇಂಥದಕ್ಕೆ ಸರ್ಕಾರ ಸಂಬಳ ಕೊಡುತ್ತದಲ್ಲ ಎಂಬ ಆಶ್ಚರ್ಯ ಆ ದನಿಯಲ್ಲಿತ್ತು.

ಬುಧವಾರ ಬೆಳಗ್ಗೆ ತುರುವೇಕೆರೆಯಿಂದ ರಫೀಕ್ ಕಾರು ತಂದ. ರಫೀಕ್ ಮೆಕ್ಯಾನಿಕ್, ಬಾಡಿಗೆಗೂ ಓಡಿಸುತ್ತಾನೆ. ಅತ್ತೆ ಹೊಸ ಸೀರೆ ಉಟ್ಟು, ಬಟ್ಟೆಯ ಚೀಲ ಹಿಡಿದು, ದೇವರಿಗೆ ಕೈಮುಗಿದು, ಅಟ್ಟದ ಕೆಳಗೆ ಬಂದು ನಿಂತರು. ಅಷ್ಟರಲ್ಲಿ ಅಟ್ಟದ ಸಂದಿನಿಂದ ಏನೋ ಒಂದು ಪೊತ್ತೆಂದು ಅವರ ನೆತ್ತಿಯ ಮೇಲೆ ಬಿದ್ದು, ಹೆಗಲ ಮೇಲಿಂದ ಹಾರಿ, ಕಬ್ಬಿಣದ ಬೀರುವಿನ ಹಿಂದೆ ಮಾಯವಾಯಿತು. ನನ್ನ ಕಾಲ ಹತ್ತಿರ ತುಂಡಾದ ಬಾಲವೊಂದು ಕುಣಿಯುತ್ತಿದ್ದುದನ್ನು ನಾನೂ, ಬಾಗಿಲಲ್ಲಿ ನಿಂತಿದ್ದ ರಫೀಕನೂ ನೋಡಿದೆವು. ನೋಡಿದ ಕ್ಷಣವೇ ಅದು ಹಲ್ಲಿಯದೆಂದು ನನಗೆ ತಿಳಿಯಿತು. ನಾನು ಅದರ ಮೇಲೆ ಮೆಲ್ಲಗೆ ಕಾಲಿಟ್ಟೆ.

"ಹಲ್ಲಿ" ಎಂದರು ಅತ್ತೆ. ಚೀಲ ಕೆಳಗಿಟ್ಟು ಕಂಬಕ್ಕೆ ಒರಗಿ ಕುಳಿತರು. "ನೆತ್ತಿ ಮ್ಯಾಲೇ ಬಿತ್ತು. ಇನ್ನೇನೈತೆ ಬುಡು. ಕಾರ್ ವಾಪಸ್ ಕಳ್ಸು ಮಂಜಿ."

ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂದು ಪಂಚಾಂಗದ ಕೊನೆಯ ಪುಟದಲ್ಲಿ ಇರುತ್ತದೆ. ಭುಜ, ಮೊಣಕಾಲು, ಬೆನ್ನು ಎಲ್ಲಕ್ಕೂ ಒಂದೊಂದು. ನೆತ್ತಿಗೆ ಏನೆಂದು ಅತ್ತೆಗೆ ಬಾಯಿಪಾಠ. ಮರಣ. ಇದಕ್ಕೊಂದು ಪರಿಹಾರವೂ ಇದೆ. ಕಂಚಿಗೆ ಹೋಗಿ ಅಲ್ಲಿಯ ಬಂಗಾರದ ಹಲ್ಲಿಯನ್ನು ಮುಟ್ಟಿ ಬಂದವರನ್ನು ಮುಟ್ಟಿದರೆ ದೋಷ ಕಳೆಯುತ್ತದಂತೆ. ನಮ್ಮೂರಿನಲ್ಲಿ ಕಂಚಿಗೆ ಹೋಗಿಬಂದವರು ಒಬ್ಬರೇ, ಪಕ್ಕದ ತೋಟದ ರಂಗಮ್ಮ. ಬೇಲಿಯ ಮೇಲಿರುವ ಒಂದು ತೆಂಗಿನಮರ ಯಾರದೆಂಬ ವಿಷಯದಲ್ಲಿ ಅತ್ತೆಗೂ ರಂಗಮ್ಮನಿಗೂ ಮಾತು ನಿಂತು ನನ್ನ ಮದುವೆಗಿಂತ ಹೆಚ್ಚು ವರ್ಷವಾಗಿದೆ. ಮಂಜುಳ ಆ ಹೆಸರು ಎತ್ತಿದ್ದೇ ತಡ, "ಅವಳ್ನ ಮುಟ್ಟಿ ಕಣ್ಣು ತರ್ಸ್ಕಳದ್ಕಿಂತ ಕುರುಡಿ ಆಗಿರದೇ ವಾಸಿ" ಎಂದರು ಅತ್ತೆ.

ಶಕುನ ಸುಳ್ಳು ಎಂದು ನಾನು ಭಾಷಣ ಮಾಡಬಹುದಿತ್ತು. ಕಾಲೇಜಿನಲ್ಲಿ ಪ್ರತಿ ವರ್ಷ ಮಾಡುತ್ತೇನೆ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯಲ್ಲಿ ನನ್ನ ಭಾಷಣದಿಂದ ಒಂದು ಚೊಂಬು ಕೂಡ ಇದ್ದ ಜಾಗದಿಂದ ಕದಲಿದ್ದಿಲ್ಲ. ಹಾಗಾಗಿ ಪಂಚಾಂಗದ ಒಳಗೇ ಒಂದು ದಾರಿ ಹುಡುಕಿದೆ. "ಅತ್ತೆಗೆ ಹೇಳು ಮಂಜುಳಾ, ಬಿದ್ದಿದ್ದು ಹಲ್ಲಿ ಅಲ್ಲ, ಹಾವುರಾಣಿ. ನಾನು ಕಣ್ಣಾರೆ ನೋಡಿದೆ. ಹಾವುರಾಣಿಗೆ ಪಂಚಾಂಗದಲ್ಲಿ ಫಲವಿಲ್ಲ" ಎಂದೆ. ಕಾಲ ಕೆಳಗಿನ ಬಾಲ ಆಗ ತಾನೇ ಕುಣಿಯುವುದನ್ನು ನಿಲ್ಲಿಸಿತ್ತು.

ಅತ್ತೆ ನೆತ್ತಿಯನ್ನೊಮ್ಮೆ ತಡವಿಕೊಂಡರು. "ಹಂಗಾರೆ ಹಿಡ್ದು ತೋರ್ಸಕ್ಕೇಳು. ತೋರ್ಸುದ್ರೆ ಬರೋ ಬುಧವಾರ ಹೋಗಾನ. ಇಲ್ದಿದ್ರೆ ಕಣ್ಣಿನ್ ಸುದ್ದಿ ಇನ್ ಯಾರೂ ಎತ್ತಂಗಿಲ್ಲ." ಕಣ್ಣು ಕಾಣದವರಿಗೆ ಹಿಡಿದು ತೋರಿಸುವುದು ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆ ಒಂದು ವಾರ ನಾನು ಪಟ್ಟ ಪಾಡು ನಾಯಿಗೂ ಬೇಡ. ಹಾವುರಾಣಿ ಎಂದರೆ ಹಾವಿನ ಹಾಗೆ ನುಣುಪಾಗಿ ಹೊಳೆಯುವ, ಗಿಡ್ಡ ಕಾಲಿನ ಪ್ರಾಣಿ. ಅದರ ವರ್ಗೀಕರಣ, ಹಲ್ಲು, ಹುರುಪೆ, ಎಲ್ಲವನ್ನೂ ನಾನು ನಿದ್ದೆಯಲ್ಲೂ ಹೇಳಬಲ್ಲೆ. ಹಿಡಿಯುವುದು ಹೇಗೆಂದು ಯಾವ ಪಠ್ಯದಲ್ಲೂ ಇರಲಿಲ್ಲ. ಕಾಲೇಜಿನಿಂದ ಬಂದವನೇ ಪ್ಯಾಂಟು ಮಡಚಿಕೊಂಡು ತೋಟದ ಗರಿ ರಾಶಿ, ಮಟ್ಟೆ ರಾಶಿ ಎಲ್ಲ ಮಗುಚಿ ಹಾಕಿದೆ. ರಂಗಮ್ಮ ಬೇಲಿಯಾಚೆಯಿಂದ, "ಏನ್ ಮೇಷ್ಟ್ರೇ, ಏನಾರ ಕಳ್ಕಂಡ್ರಾ?" ಎಂದು ಕೇಳಿದರು. ಹೌದೆಂದೆ. ಅಟ್ಟದಲ್ಲೂ ಹುಡುಕಬೇಕೆಂದು ಮಂಜುಳಳ ಮೂಲಕ ಅರ್ಜಿ ಹಾಕಿದಾಗ, "ಹತ್ಲಿ. ಕಾಯಿ ಮುಟ್ಟಂಗಿಲ್ಲ ಅನ್ನು" ಎಂದು ಅಪ್ಪಣೆಯಾಯಿತು. ಎರಡು ದಶಕದ ಮೇಲೆ ಆ ಏಣಿ ಹತ್ತಿದೆ. ಅಟ್ಟದ ತುಂಬ ಕಾಯಿ ಇರುವಾಗ ಕಾಯಿ ಮುಟ್ಟದೆ ಹುಡುಕುವುದು ಎಂದರೆ ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಂತು ನೋಡುವುದು ಎಂದರ್ಥ. ನೋಡಿ ಇಳಿದೆ. ಮಂಗಳವಾರ ಸಂಜೆ ದನದ ಕೊಟ್ಟಿಗೆಯ ಹಿಂದೆ ಒಂದು ಹಾವುರಾಣಿ ಕೊನೆಗೂ ಕೈಗೆ ಸಿಕ್ಕಿತು. ಕೈ ಬಿಚ್ಚಿ ನೋಡಿದರೆ ಬಾಲ ಮಾತ್ರ ಇತ್ತು. ಹೀಗೆ ವಾರದ ಕೊನೆಗೆ, ಅವತ್ತು ಕಾಲ ಕೆಳಗಿನಿಂದ ಎತ್ತಿಟ್ಟದ್ದೂ ಸೇರಿ, ನನ್ನ ಬೆಂಕಿಪೊಟ್ಟಣದಲ್ಲಿ ಎರಡು ಬಾಲಗಳಾದವು, ಒಂದು ನಿಜದ್ದು, ಒಂದು ಸುಳ್ಳಿಗೆ ಬೇಕಾದದ್ದು.

ಬುಧವಾರ ಬೆಳಗ್ಗೆ ಮಂಜುಳ ಯಾವ ಧೈರ್ಯದ ಮೇಲೋ ರಫೀಕನನ್ನು ಕರೆಸಿದ್ದಳು. ಅತ್ತೆ ನಡುಮನೆಯಲ್ಲಿ ಕಂಬಕ್ಕೆ ಒರಗಿ, ಸೀರೆ ಬದಲಿಸದೆ ಕುಳಿತಿದ್ದರು. ನಾನು ಹಾವುರಾಣಿಯ ಬಾಲವನ್ನು ಅವರ ಕೈಗಿಟ್ಟು ಏನಾದರೂ ಹೇಳೋಣವೆಂದು ಪೊಟ್ಟಣ ತೆಗೆಯುತ್ತಿದ್ದೆ. ಒಳಗೆ ಬಂದ ರಫೀಕ್ ನನ್ನ ಚಿತ್ರಪಟದ ಕಡೆ ಬೆರಳು ತೋರಿಸಿ, ಒಳ್ಳೆಯ ಸುದ್ದಿ ತಂದವನ ಹಾಗೆ, "ಅಮ್ಮಾ, ಅಗೋ ಗೋಡೆ ಮೇಲೆ! ಬಾಲ ತುಂಡಾಗಿರೋ ಹಲ್ಲಿ! ಅವತ್ತು ನಿಮ್ ಮೇಲೆ ಬಿದ್ದಿದ್ದು ಇದೇ ಇರ್ಬೇಕು ಕಣಮ್ಮಾ" ಎಂದ.

ಚಿತ್ರಪಟದ ಅಂಚಿನಲ್ಲಿ, ನಾನು ಬಿಡಿಸಿದ ಪ್ರೊಕೊಲೊಫೊನಿಡೆಯ ಬಾಲದ ಪಕ್ಕದಲ್ಲೇ, ಆ ಹಲ್ಲಿ ಬಾಲವಿಲ್ಲದೆ ಕುಳಿತಿತ್ತು. ರಫೀಕನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವನದೇನೂ ತಪ್ಪಿರಲಿಲ್ಲ. ಸರಿಯಾದ ಲಕ್ಷಣ ನೋಡಿ ಸರಿಯಾಗಿ ಗುರುತಿಸಿದ್ದ. ನನ್ನ ವಿದ್ಯಾರ್ಥಿಯಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

"ಕೇಳೇ ಅವ್ರನ್ನ" ಎಂದರು ಅತ್ತೆ. "ಅದ್ಯಾವ್ದು ಅಂತ."

ನಾನು ಹಲ್ಲಿಯನ್ನು ನೋಡಿದೆ, ಪಟವನ್ನು ನೋಡಿದೆ. ಅತ್ತೆಯ ಬಲಗಣ್ಣನ್ನು ನೋಡಿದೆ. ಅದರ ನಡುವೆ ಬೂದಿ ಬಣ್ಣದ ಚುಕ್ಕೆ ಬೇಳೆಕಾಳಿನಷ್ಟಾಗಿತ್ತು. "ಅತ್ತೆಗೆ ಹೇಳು ಮಂಜುಳಾ. ಹಾವುರಾಣಿ ಅಂದಿದ್ದು ನನ್ನದೇ ತಪ್ಪು. ಆದರೆ ಹಲ್ಲಿಯೂ ಅಲ್ಲ. ಪಟದಲ್ಲಿರೋ ವಂಶದ್ದು. ಕಣ್ಣಿನ ಗೂಡು ನೋಡು, ತಲೆಯ ಅಗಲ ನೋಡು. ಹಲ್ಲಿಯ ಹಾಗೆ ಇರುತ್ತೆ, ಹಲ್ಲಿ ಅಲ್ಲ" ಎಂದೆ. ಮಂಜುಳ ಬಿ.ಎಸ್ಸಿ. ಓದಿದವಳು. ಅವಳು ನನ್ನನ್ನು ಒಂದು ಸಲ ನೋಡಿ, ಆಮೇಲೆ ಚೀಲದಲ್ಲಿ ಏನೋ ಹುಡುಕತೊಡಗಿದಳು.

"ಅದ್ರ ಫಲ ಪಂಚಾಂಗದಾಗೆ ಐತಾ?"

"ಇಲ್ಲ. ಪಂಚಾಂಗ ಬರೆಯೋ ಹೊತ್ತಿಗೆ ಆ ವಂಶವೇ ಇರ್ಲಿಲ್ಲ."

"ವಂಶ ಇರ್ಲಿಲ್ಲ ಅಂದ್ಮ್ಯಾಲೆ ನಮ್ಮನೆ ಗೋಡೆ ಮ್ಯಾಲೆ ಹೆಂಗ್ ಬಂತು ಅಂತ ಕೇಳೇ."

ವಿಶ್ವವಿದ್ಯಾಲಯದ ಮೌಖಿಕ ಪರೀಕ್ಷೆಯಲ್ಲೂ ನಾನು ಹೀಗೆ ಬೆವತಿರಲಿಲ್ಲ. "ಎಲ್ಲೋ ಒಂದೊಂದು ಉಳ್ಕೊಂಡಿರುತ್ತೆ" ಎಂದೆ. ಅತ್ತೆ ನಾನಿದ್ದ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಕಂಬ ಹಿಡಿದು ಎದ್ದು, "ಹಂಗಾರೆ ಸೀರೆ ಉಟ್ಕಂಡ್ ಬತ್ತೀನಿ. ರಫೀಕಂಗೆ ಕಾಫಿ ಕೊಡು" ಎಂದರು.

ಆಸ್ಪತ್ರೆಯಲ್ಲಿ ಮಂಜುಳ ಔಷಧಿ ತರಲು ಹೋಗಿದ್ದಾಗ ನರ್ಸಮ್ಮ ಒಂದು ಚೀಟಿ ಹಿಡಿದು ಬಂದು, ಒಪ್ಪಿಗೆಗೆ ಸಹಿ ಬೇಕು, ನೀವು ಪೇಷೆಂಟಿಗೆ ಏನಾಗಬೇಕು ಎಂದು ಕೇಳಿದಳು. ನಾನು ಉತ್ತರಿಸುವುದಕ್ಕೆ ಎರಡು ಕ್ಷಣ ತಡವಾಯಿತು. ಅಷ್ಟರಲ್ಲಿ ಮಂಚದ ಮೇಲಿದ್ದ ಅತ್ತೆ, ನನಗಲ್ಲ, ನರ್ಸಮ್ಮನಿಗೆ ಹೇಳಿದರು. "ಮಗ ಅಂತ ಬರ್ಕಳವ್ವ." ಅಳಿಯ ಎಂದರೆ ಇನ್ನೊಂದು ಸಹಿ ಕೇಳಿಯಾರು, ಕೆಲಸ ತಡವಾದೀತು ಎಂದು ಹಾಗೆ ಹೇಳಿರಬೇಕು ಎಂದುಕೊಂಡು ನಾನು ಸಹಿ ಹಾಕಿದೆ. ತಪ್ಪು ವರ್ಗೀಕರಣಕ್ಕೆ ಸಹಿ ಹಾಕಿದ್ದು ಆ ದಿನ ಅದು ಎರಡನೆಯದು.

ಕಣ್ಣು ಬಂತು. ಚೆನ್ನಾಗಿಯೇ ಬಂತು. ಕಪ್ಪು ಕನ್ನಡಕ ತೆಗೆದ ದಿನ ಅತ್ತೆ ಮನೆಯನ್ನೆಲ್ಲ ಒಂದು ಸುತ್ತು ನೋಡಿ, ಮೂಲೆಯ ಜೇಡರಬಲೆ, ಮಂಜುಳಳ ಬಿಳಿಕೂದಲು, ಪಾತ್ರೆಯ ತಳದ ಮಸಿ, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. "ಮಂಜಿ, ಅವ್ರ ತಲೆ ಯಾವಾಗ್ಲೇ ಹಿಂಗ್ ಬಕ್ಕ ಆಗಿದ್ದು? ನಂಗ್ಯಾರೂ ಹೇಳ್ಲೇ ಇಲ್ಲ" ಎಂದು ನೊಂದುಕೊಂಡರು. ಮರುದಿನ ಮಂಜುಳ ತುರುವೇಕೆರೆಗೆ ಹೋಗಿದ್ದಳು. ನಾನು ನಡುಮನೆಯಲ್ಲಿ ನೆಲದ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಕುಳಿತಿದ್ದೆ. ಅತ್ತೆ ಗೋಡೆಯ ಮುಂದೆ ನಿಂತು ಬಹಳ ಹೊತ್ತು ಏನನ್ನೋ ನೋಡಿದರು. ಹಲ್ಲಿ ಅಲ್ಲೇ ಇತ್ತು. ಮೋಟು ಬಾಲ ಚಿಗುರುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಕೆಂಪಿ ಕೂಡ ಮೇಯಲು ಹೋಗಿತ್ತು.

"ಮೇಷ್ಟ್ರೇ" ಎಂದರು ಅತ್ತೆ. "ಇದು ಹಲ್ಲಿ ಕಣ್ರೀ."

ಇಪ್ಪತ್ತೆರಡು ವರ್ಷದಲ್ಲಿ ಅವರು ನನಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ನಾನು ಅಭ್ಯಾಸಬಲದಿಂದ ಮಂಜುಳಳಿಗಾಗಿ ಸುತ್ತ ನೋಡಿ, ಅವಳಿಲ್ಲವೆಂದು ನೆನಪಾಗಿ, "ಹೌದು ಅತ್ತೆ" ಎಂದೆ.

"ನಂಗೆ ಅವತ್ತೇ ಗೊತ್ತಿತ್ತು. ನೆತ್ತಿ ಮ್ಯಾಲೆ ಬಿದ್ದಾಗ ಕಾಲು ಅಂಟ್ಕಂಡಿತ್ತು. ಹಾವುರಾಣಿ ಕಾಲು ಅಂಟತ್ತಾ?"

ಅಂಟುವುದಿಲ್ಲ. ಹಲ್ಲಿಯ ಬೆರಳಿನ ಕೆಳಗಿನ ಪಟ್ಟಿಗಳೇ ಅದನ್ನು ಗುರುತಿಸುವ ಮುಖ್ಯ ಲಕ್ಷಣ ಎಂದು ಇಪ್ಪತ್ತಾರು ವರ್ಷದಿಂದ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೇನೆ. ಅವರು ಅದನ್ನು ಕಣ್ಣಿಲ್ಲದೆ, ತಲೆಯ ಮೇಲೆ, ಒಂದು ಕ್ಷಣದಲ್ಲಿ ಗುರುತಿಸಿದ್ದರು. "ಮತ್ತೆ ಹೊರಟಿರಲ್ಲ ಅತ್ತೆ?" ಎಂದೆ.

"ಭಯ ಆಗಿತ್ತು ಕಣ್ರೀ. ಒಂದು ಕಣ್ಣು ಹೋದೋಳ್ಗೆ ಇನ್ನೊಂದುನ್ನ ಕುಯ್ಯಕ್ ಕೊಡು ಅಂದ್ರೆ ಭಯ ಆಗಲ್ವಾ? ಹಲ್ಲಿ ಬಿದ್ದಿದ್ದು ಒಳ್ಳೇದೇ ಆಯ್ತು ಅಂದ್ಕಂಡೆ. ನೀವು ನೋಡುದ್ರೆ ವಾರವೆಲ್ಲ ಗರಿ ಮಗುಚ್ಕಂಡು, ಕೈಕಾಲ್ ಗೀರಿಸ್ಕಂಡು, ಸುಳ್ಳು ಹೇಳಕ್ಕೂ ಬರ್ದೆ ಅಷ್ಟು ಸುಳ್ಳು ಹೇಳುದ್ರಿ. ಬ್ಯಾರೆಯೋರಾಗಿದ್ರೆ ಹೋಗ್ಲಿ ಮುದುಕಿ ಅಂತ ಬುಡ್ತಿದ್ರು." ಅತ್ತೆ ಸೆರಗಿನಿಂದ ಕಣ್ಣಿನ ಪಕ್ಕ ಒರೆಸಿಕೊಂಡರು. ಹೊಸ ಕಣ್ಣಿನಲ್ಲಿ ನೀರು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. "ನೀವು ಹೇಳಿದ್ದು ಸುಳ್ಳು. ಆಸ್ಪತ್ರೆ ಚೀಟಿಯಾಗೆ ನಾನು ಬರ್ಸಿದ್ದು ಸುಳ್ಳಲ್ಲ."

ಗೋಡೆಯ ಮೇಲಿನ ಹಲ್ಲಿ ಆಗ ಸ್ಪಷ್ಟವಾಗಿ ಲೊಚಲೊಚ ಎಂದಿತು.

ಮಾತಿನ ಬೆನ್ನಿಗೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯವೆಂದು ಬೆರಳಿನಿಂದ ನೆಲ ತಟ್ಟಿ ಒಪ್ಪಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಹಲ್ಲಿ ತನ್ನ ಸರಹದ್ದು ಕಾಯಲು, ಇಲ್ಲವೇ ಹೆಣ್ಣನ್ನು ಕರೆಯಲು ಹಾಗೆ ಸದ್ದು ಮಾಡುತ್ತದೆ, ಮನುಷ್ಯರ ಮಾತಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ನನ್ನ ಮುಂದಿದ್ದ ಉತ್ತರಪತ್ರಿಕೆಯಲ್ಲೇ ಒಬ್ಬ ಹುಡುಗಿ ಸರಿಯಾಗಿ ಬರೆದಿದ್ದಳು. ಅವಳಿಗೆ ಪೂರ್ತಿ ಅಂಕ ಹಾಕಲೆಂದು ಕೆಂಪು ಪೆನ್ನು ಹಿಡಿದಿದ್ದೆ. ಪೆನ್ನನ್ನು ಯಾವಾಗ ಕೆಳಗಿಟ್ಟೆನೋ ಗೊತ್ತಿಲ್ಲ. ನೋಡಿದರೆ ನನ್ನ ಬೆರಳು ನೆಲವನ್ನು ಮೂರು ಸಲ ತಟ್ಟಿ ಮುಗಿಸಿತ್ತು.